ಪಕ್ಕದಲ್ಲಿ ಕೂರುವವಳು

ಈಗ ನನ್ನನ್ನು ಸಭೆಗಳಿಗೆ ಕರೆಯುತ್ತಾರೆ. ವೇದಿಕೆಯ ಮಧ್ಯದ ಕುರ್ಚಿಯಲ್ಲಿ ಕೂರಿಸಿ, ಎರಡೂ ಪಕ್ಕಕ್ಕೆ ತಾವು ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. 'ನಿಮ್ಮ ಐಡೆಂಟಿಟಿ ಬಗ್ಗೆ ಹೇಳಿ ಮೇಡಂ' ಅನ್ನುತ್ತಾರೆ. ಕಪ್ಪು ಹೆಂಗಸು, ಅದರ ಮೇಲೆ ಹೆಂಗಸನ್ನೇ ಪ್ರೀತಿಸಿದವಳು, ಅದರ ಮೇಲೆ ಕನ್ನಡದಲ್ಲಿ ಬರೆಯುವವಳು. ಒಂದೇ ಟಿಕೆಟ್ಟಿಗೆ ಮೂರು ಆಟ ಸಿಕ್ಕಿದ ಖುಷಿ ಅವರ ಮುಖದಲ್ಲಿ ಕಾಣುತ್ತದೆ. ನಾನು ನೆಟ್ಟಗೆ ಕೂತು, ಕೈ ಮಡಿಲಲ್ಲಿಟ್ಟು, ಬೆಳಕು ಬೀಳುವ ಕಡೆಗೆ ಮುಖ ತಿರುಗಿಸುತ್ತೇನೆ. ಈ ಕೆಲಸ ನನಗೆ ಹೊಸದಲ್ಲ. ಎಂಬತ್ತರ ದಶಕದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಮನೆಗೆಲಸಕ್ಕಿದ್ದಾಗಲೇ ಕಲಿತದ್ದು. ಆಗ ಕೆಲಸ ಮುಗಿದ ಮೇಲೆ ರವಿಕೆ ಕಣ ಕೊಡುತ್ತಿದ್ದರು, ಈಗ ಶಾಲು ಹೊದಿಸುತ್ತಾರೆ.

ನಾನು ಸಿದ್ದಿ, ಯಲ್ಲಾಪುರದ ಕಡೆಯವಳು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದರು ಎಂಬುದು ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ. ಊರಿನಲ್ಲಿ ನಾವು ನಮ್ಮ ಪಾಡಿಗೆ ಕೊಂಕಣಿ ಮಾತಾಡಿಕೊಂಡು ಇದ್ದೆವು. ಅಪ್ಪ ದುಡಿಯುತ್ತಿದ್ದ ಮನೆಯವರ ಮಗಳು ಬ್ಯಾಂಕ್ ಅಧಿಕಾರಿಯನ್ನು ಮದುವೆಯಾಗಿ ವಿಜಯನಗರಕ್ಕೆ ಬಂದಾಗ, ಮುಂದೆ ಮಗು ಎತ್ತಿಕೊಳ್ಳಲು ಇರಲಿ ಎಂದು ನನ್ನನ್ನೂ ಜೊತೆಗೆ ಕಳಿಸಿದರು. ಮಗು ಶಾಲೆಗೆ ಸೇರಿದ ಮೇಲೆ ಅದರ ಪುಸ್ತಕಗಳನ್ನು ನಾನೂ ಓದಿದೆ. ಅದಕ್ಕಿಂತ ಬೇಗ ಓದಿದೆ, ಅದಕ್ಕಾಗಿ ಏಟೂ ತಿಂದೆ. ಆ ಮನೆಯೊಡತಿಯನ್ನು ಅಮ್ಮಾವ್ರೇ ಎನ್ನುತ್ತಿದ್ದೆ. ಅವರು ಕೆಟ್ಟವರಲ್ಲ. ತಮ್ಮ ಹೊಸ ಮಿಕ್ಸಿಯನ್ನು ನೋಡಿಕೊಂಡಷ್ಟು ಜೋಪಾನವಾಗಿ ನನ್ನನ್ನೂ ನೋಡಿಕೊಂಡರು.

ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಹುಡುಗರಿಗೆ ನಾನು 'ಆಫ್ರಿಕಾ'. ಹೆಂಗಸರಿಗೆ 'ಬ್ಯಾಂಕಿನೋರ ಮನೆ ಕರೀ ಹುಡುಗಿ'. ಹೊಸದಾಗಿ ಅಂಗಡಿ ಹಾಕಿದ ಶೆಟ್ಟರು ನನ್ನನ್ನು ಕಂಡ ಕೂಡಲೇ ಇಂಗ್ಲಿಷ್ ಹುಡುಕಲು ಶುರುಮಾಡುತ್ತಿದ್ದರು. 'ಯೂ... ವಾಟ್ ವಾಂಟ್?' ಎಂದು ಅವರು ಬೆವರುವುದನ್ನು ಪೂರ್ತಿ ನೋಡಿ ಮುಗಿಸಿ, ಆಮೇಲೆ 'ಅರ್ಧ ಕೆಜಿ ಉದ್ದಿನಬೇಳೆ ಅಣ್ಣಾ, ಹುಳ ಇಲ್ದೆ ಇರೋದು ಕೊಡಿ' ಎನ್ನುತ್ತಿದ್ದೆ. ನಾಲಿಗೆ ಮಾತ್ರ ಯಾರಿಗೂ ಬಗ್ಗುತ್ತಿರಲಿಲ್ಲ. ಅದೊಂದು ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ.

ನಮ್ಮ ಬೀದಿಗೆ ಮೊದಲು ಟಿವಿ ಬಂದದ್ದು ನಮ್ಮ ಅಮ್ಮಾವ್ರ ಮನೆಗೆ. ವಾರಕ್ಕೊಂದು ಸಿನಿಮಾ ಹಾಕುವ ಸಂಜೆ ಇಡೀ ಬೀದಿ ನಡುಮನೆಯಲ್ಲಿ ಬಂದು ಕೂರುತ್ತಿತ್ತು. ಆಗಿನ ಎಷ್ಟೋ ಸಿನಿಮಾಗಳಲ್ಲಿ ನಾಯಕ ನಾಯಕಿ ಕಾಡಿನಲ್ಲಿ ದಾರಿ ತಪ್ಪುವುದು, ಮೈಗೆಲ್ಲ ಮಸಿ ಬಳಿದುಕೊಂಡ ಜನ ಅವರನ್ನು ಕಂಬಕ್ಕೆ ಕಟ್ಟಿ, ಸೊಪ್ಪು ಸುತ್ತಿಕೊಂಡು, ಅರ್ಥವಿಲ್ಲದ ಸದ್ದು ಮಾಡುತ್ತ ಕುಣಿಯುವುದು ಇದ್ದೇ ಇರುತ್ತಿತ್ತು. ಆ ಕುಣಿತ ಬಂದ ತಕ್ಷಣ ಇಡೀ ನಡುಮನೆ ಟಿವಿ ಬಿಟ್ಟು ನನ್ನ ಕಡೆ ತಿರುಗುತ್ತಿತ್ತು. ನಾನು ಬಾಗಿಲ ಪಕ್ಕ ನಿಂತಿರುತ್ತಿದ್ದೆ.

'ಏನೇ, ಏನಂತಾರೆ ಅವ್ರು?' ಎಂದು ಯಾರಾದರೂ ಕೇಳುತ್ತಿದ್ದರು.

'ಈ ಹೀರೋನ ತಿಂದ್ರೆ ಗ್ಯಾಸ್ ಆಗುತ್ತೆ, ಬೇಡ ಅಂತಿದಾನೆ ಮುದುಕ' ಎನ್ನುತ್ತಿದ್ದೆ. 'ಹೀರೋಯಿನ್ನ ತಿನ್ನೋಣ ಅಂದ್ರೆ ಬರೀ ಪೌಡರ್ ಬಾಯಿಗೆ ಬರುತ್ತಂತೆ.'

ಬಿದ್ದು ಬಿದ್ದು ನಗುತ್ತಿದ್ದರು. ಅವರಲ್ಲಿ ಅರ್ಧ ಜನ ಅದನ್ನು ನಿಜವಾದ ಅನುವಾದ ಎಂದೇ ನಂಬಿದ್ದರು. ವೆಸ್ಟ್ ಇಂಡೀಸ್ ಜೊತೆ ಕ್ರಿಕೆಟ್ ಇದ್ದರಂತೂ 'ನಿಮ್ಮೋರು ಹೊಡೀತಿದಾರೆ ನೋಡೇ' ಎಂದು ನನಗೆ ಕೂಗಿ ಹೇಳುತ್ತಿದ್ದರು. ನಮ್ಮವರು ಹೊಡೆದಷ್ಟೂ ನನಗೆ ಸಂತೋಷವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವರು ಸೋತ ದಿನ ಮನೆಯವರು ಹಂಚಿದ ಸಿಹಿಯನ್ನು ನನ್ನ ಬಾಯಿಗೇ ತುರುಕಿದ್ದರು.

ಹಾಗೊಂದು ಸಂಜೆ ಸಿನಿಮಾ ಅರ್ಧದಲ್ಲಿ ಕರೆಂಟ್ ಹೋಯಿತು. ಕತ್ತಲೆ. ಒಬ್ಬ ಯಜಮಾನರು 'ಲೇ ಆಫ್ರಿಕಾ, ಎಲ್ಲಿದೀಯಾ? ಹಲ್ಲು ತೋರ್ಸು!' ಎಂದರು. ಎಲ್ಲರೂ ಹೋ ಎಂದು ನಕ್ಕರು. ನನ್ನ ಬಾಯಲ್ಲಿ ಅದಕ್ಕೆ ಎರಡು ಉತ್ತರ ತಯಾರಿದ್ದವು. ಆದರೆ ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ನನ್ನ ಕೈ ಹಿಡಿದುಕೊಂಡಿತು. ಬಳೆ ಇದ್ದ ಕೈ, ತಣ್ಣಗಿತ್ತು. ಹಿಡಿದದ್ದನ್ನು ಕರೆಂಟ್ ಬರುವವರೆಗೂ ಬಿಡಲಿಲ್ಲ. ಬೆಳಕಾದಾಗ ನೋಡಿದೆ, ಪಕ್ಕದ ಮನೆಯ ಹುಡುಗಿ. ಕೈ ಬಿಟ್ಟು, ಎಲ್ಲರ ಜೊತೆ ಅವಳೂ ಇನ್ನೂ ನಗುತ್ತಿದ್ದಳು. ಎರಡನ್ನೂ ಒಟ್ಟಿಗೆ ಮಾಡಬಲ್ಲವಳು ಎಂದು ಆವತ್ತೇ ನನಗೆ ತಿಳಿಯಬೇಕಿತ್ತು.

ಅವಳು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಅವಳ ತಂದೆ ರಾಜಾಜಿನಗರದ ಕಾರ್ಖಾನೆಯೊಂದರ ಲೆಕ್ಕದ ವಿಭಾಗದಲ್ಲಿದ್ದರು. ನಮ್ಮ ತಾರಸಿಗೂ ಅವರ ತಾರಸಿಗೂ ನಡುವೆ ದಾಟಬಹುದಾದ ಒಂದು ಗೋಡೆ. ಮಧ್ಯಾಹ್ನ ಹಪ್ಪಳ, ಸಂಡಿಗೆ ಒಣಹಾಕಿ ಕಾಗೆ ಕಾಯುವ ಕೆಲಸ ಎರಡೂ ಮನೆಯಲ್ಲಿತ್ತು. ಅಲ್ಲೇ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಅವಳು ಮೊದಲು ಕೇಳಿದ್ದು ನನ್ನ ಹೆಸರು. ನನ್ನ ಹೆಸರು ಹೇಳಿ ಎಷ್ಟು ವರ್ಷವಾಗಿತ್ತೆಂದರೆ, ಹೇಳುವಾಗ ನನಗೇ ನಾಚಿಕೆಯಾಯಿತು. ಅವಳು ಅದನ್ನು ನಿಧಾನವಾಗಿ, ನಮ್ಮ ಅವ್ವ ಕರೆಯುವ ರೀತಿಯಲ್ಲೇ ಹೇಳಲು ಕಲಿತಳು. ಅದರ ಹಿಂದೆಯೇ ನಮ್ಮ ಕೊಂಕಣಿಯನ್ನೂ ಕಲಿತಳು. ಮೊದಲು ಬೈಗುಳ, ಆಮೇಲೆ ತಿಂಡಿ, ಕೊನೆಗೆ ಯಾರೆದುರೂ ಆಡಬಾರದ ಮಾತು. ಒಂದು ವರ್ಷ ಹೋಗುವುದರೊಳಗೆ ನಾವು ಆ ಭಾಷೆಯಲ್ಲೇ ಜಗಳ ಆಡಿ ಆ ಭಾಷೆಯಲ್ಲೇ ಸರಿಹೋಗುತ್ತಿದ್ದೆವು. ಅವಳನ್ನು ನಾನು ಪ್ರೀತಿಸಿದೆ. ಆಮೇಲೆ ಬಂದವರು ಒಳ್ಳೆಯವರಿದ್ದರು, ಆದರೆ ಅಷ್ಟು ಪ್ರೀತಿ ಯಾರ ಮೇಲೂ ಬರಲಿಲ್ಲ.

ಕದ್ದು ಮುಚ್ಚಿ ಓಡಾಡುವ ಕಷ್ಟ ನಮಗಿರಲಿಲ್ಲ. ಮಾಗಡಿ ರಸ್ತೆಯ ಟಾಕೀಸಿಗೆ ಮ್ಯಾಟಿನಿಗೆ ಹೋಗುತ್ತಿದ್ದೆವು, ಹೆಂಗಸರ ಕ್ಯೂನಲ್ಲಿ ಕೈಕೈ ಹಿಡಿದು ನಿಲ್ಲುತ್ತಿದ್ದೆವು. ಇಡೀ ಕ್ಯೂ ನಮ್ಮನ್ನು ನೋಡುತ್ತಿತ್ತು, ಅಂದರೆ ನನ್ನ ಬಣ್ಣವನ್ನು, ನನ್ನ ಗುಂಗುರು ಕೂದಲನ್ನು ನೋಡುತ್ತಿತ್ತು. ಕೈಗಳನ್ನು ಯಾರೂ ನೋಡಲಿಲ್ಲ. ಪರದೆಯ ಮೇಲೆ ನನ್ನಂಥವಳಿಗೆ ಕಂಬದ ಸುತ್ತ ಕುಣಿಯುವ ಪಾತ್ರ, ಇಲ್ಲವೇ ನಾಯಕಿಯ ಪಕ್ಕ ನಿಂತು ನಗಿಸುವ ಗೆಳತಿಯ ಪಾತ್ರ. ನಮ್ಮಿಬ್ಬರಂಥ ಜೋಡಿಯಂತೂ ಯಾವ ಪರದೆಯ ಮೇಲೂ ಇರಲಿಲ್ಲ. ನಾಯಕ ಸೀರೆ ಉಟ್ಟುಕೊಂಡು ಹೆಂಗಸರ ಹಾಸ್ಟೆಲ್ಲಿಗೆ ನುಗ್ಗುತ್ತಿದ್ದ, ಅಷ್ಟೇ. ನೋಡಿರದ ವಸ್ತುವನ್ನು ಜನ ಗುರುತಿಸುವುದಾದರೂ ಹೇಗೆ? ಹಾಗಾಗಿ ನಾವು ಕ್ಷೇಮವಾಗಿದ್ದೆವು.

'ನಾವಿಬ್ರೂ ಏನೇ?' ಎಂದು ಒಮ್ಮೆ ವಾಪಸ್ ನಡೆದು ಬರುವಾಗ ಕೇಳಿದೆ.

'ಫ್ರೆಂಡ್ಸ್ ಕಣೇ' ಅಂದಳು. ಸ್ವಲ್ಪ ದೂರ ಹೋದ ಮೇಲೆ ಕೊಂಕಣಿಯಲ್ಲಿ ಬೇರೆ ಉತ್ತರ ಕೊಟ್ಟಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗಿರಲಿ.

ಅವಳಿಗೆ ಗಂಡು ನೋಡುತ್ತಿದ್ದರು. ಜಾತಕದ ಜೊತೆ 'ಎಣ್ಣೆಗೆಂಪು' ಎಂದು ಹೇಳಿ ಕಳಿಸುತ್ತಿದ್ದರು. ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು, ಹೋಗಿ ಪತ್ರ ಬರೆಯುತ್ತೇವೆ ಎಂದು ಎದ್ದು, ಗೇಟಿನ ಹತ್ತಿರವೇ 'ಕಪ್ಪಾಯ್ತು' ಎಂದು ಮಾತಾಡಿಕೊಳ್ಳುತ್ತಿದ್ದರು. ಕಡಲೆಹಿಟ್ಟು, ಹಾಲಿನ ಕೆನೆ, ನಿಂಬೆಹಣ್ಣು ಎಲ್ಲವನ್ನೂ ಅವಳ ತಾಯಿ ಮಗಳ ಮುಖಕ್ಕೆ ತಿಕ್ಕಿ ಸೋತಿದ್ದರು. ಪ್ರತಿ ಸಲ ಗಂಡಿನ ಕಡೆಯವರು ಒಲ್ಲೆ ಅಂದಾಗ ನಾವಿಬ್ಬರೂ ಟ್ಯಾಂಕಿನ ಹಿಂದೆ ಕೂತು ನಗುತ್ತಿದ್ದೆವು. ಇನ್ನು ಕೆಲವು ತಿಂಗಳು ಸಿಕ್ಕಿತು ಎಂದು ಅವಳು ನನ್ನ ಹೆಗಲಿಗೆ ಒರಗುತ್ತಿದ್ದಳು.

ಒಂದು ಸಲ ಅವರ ಮನೆಗೆ ಹುಡುಗಿ ನೋಡಲು ಜನ ಬಂದಾಗ ಕಾಫಿ ಲೋಟ ಸಾಲದೆ, ನಮ್ಮ ಮನೆಯಿಂದ ನಾನು ತೆಗೆದುಕೊಂಡು ಹೋದೆ. ಅವಳ ಪಕ್ಕ ನಿಂತು ತಟ್ಟೆ ಹಿಡಿದೆ. ಗಂಡಿನ ಸೋದರತ್ತೆಯೊಬ್ಬರು ನನ್ನನ್ನೂ ಅವಳನ್ನೂ ನೋಡಿ, 'ಹುಡುಗಿ ಲಕ್ಷಣವಾಗಿದಾಳೆ, ಬಣ್ಣಾನೂ ಇದೆ' ಅಂದುಬಿಟ್ಟರು. ಆ ಸಂಬಂಧ ಜಾತಕ ಕೂಡದೆ ಮುರಿಯಿತು. ಆದರೆ ಅವಳ ತಾಯಿಯ ಕಣ್ಣು ನನ್ನ ಮೇಲೆ ನಿಂತದ್ದನ್ನು ನಾನು ಕಂಡೆ. ಹೊಸ ಸಾಬೂನು ಪರೀಕ್ಷೆ ಮಾಡುವವರ ಹಾಗೆ ನನ್ನ ಕೈಯನ್ನು ಮಗಳ ಕೈ ಪಕ್ಕ ಇಟ್ಟು ನೋಡಿದರು.

ಅಲ್ಲಿಂದ ಶುರುವಾಯಿತು ನನ್ನ ಉದ್ಯೋಗ. ಆ ತಾಯಿಯ ಬಾಯಿಂದ ವಿಷಯ ಮಹಿಳಾ ಸಮಾಜಕ್ಕೆ ಹೋಯಿತು, ಅಲ್ಲಿಂದ ಬಸವೇಶ್ವರನಗರಕ್ಕೆ, ಚಂದ್ರಾ ಲೇಔಟಿಗೆ. 'ನಾಳೆ ನಮ್ಮನೇಲಿ ಹುಡುಗಿ ನೋಡೋ ಶಾಸ್ತ್ರ ಇದೆ. ನಿಮ್ಮ ಹುಡುಗೀನ ಒಂದ್ ಗಂಟೆ ಕಳಿಸ್ತೀರಾ?' ಎಂದು ಅಮ್ಮಾವ್ರ ಹತ್ತಿರ ಬಂದು ಕೇಳುತ್ತಿದ್ದರು. ಉಪ್ಪಿಟ್ಟಿನ ದೊಡ್ಡ ಬಾಣಲೆ ಕೇಳಿದಂತೆಯೇ ಕೇಳುತ್ತಿದ್ದರು. ಅಮ್ಮಾವ್ರು ಎರಡನ್ನೂ ಕೊಟ್ಟು ಕಳಿಸುತ್ತಿದ್ದರು. ಹೋದ ಮನೆಯಲ್ಲಿ ನನಗೆ ತೆಳು ಹಳದಿ ಸೀರೆ ಉಡಿಸುತ್ತಿದ್ದರು, ಏಕೆಂದರೆ ಹಳದಿಯಲ್ಲಿ ನಾನು ಇನ್ನೂ ಕಪ್ಪಾಗಿ ಕಾಣುತ್ತಿದ್ದೆ. ಹುಡುಗಿಯ ಬಲಕ್ಕೆ, ಕಿಟಕಿ ಇರುವ ಕಡೆ ಕೂರಿಸುತ್ತಿದ್ದರು. ಮಾತಾಡಬೇಡ, ನಗಬೇಡ, ನಕ್ಕರೆ ಹಲ್ಲು ಬೆಳ್ಳಗೆ ಕಾಣುತ್ತೆ ಎಂದು ಹೇಳಿಕೊಡುತ್ತಿದ್ದರು. ಆ ಹುಡುಗಿಯರು ಪಾಪ, ನನ್ನ ಪಕ್ಕ ಕೂತು ತಾವು ಬೆಳ್ಳಗಾಗುತ್ತಿದ್ದುದನ್ನು ತಾವೇ ನಂಬುತ್ತಿದ್ದರು. ಸಂಬಂಧ ಕುದುರಿದರೆ ನನಗೆ ರವಿಕೆ ಕಣ. ಮದುವೆಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಧಾರೆಯ ಹೊತ್ತಿಗೆ ನಾನು ಎದುರಿಗಿರುವುದು ಒಳ್ಳೆಯದಲ್ಲವಂತೆ.

ಬೇರೆ ಹುಡುಗಿಯರ ಪಕ್ಕ ಕೂರಲು ನನಗೇನೂ ಅಡ್ಡಿಯಿರಲಿಲ್ಲ. ಅವರ ಮದುವೆ ಆದರೆ ಆಗಲಿ, ಬಿಟ್ಟರೆ ಬಿಡಲಿ. ನನ್ನವಳ ಪಕ್ಕ ಕೂರುವಂತಿರಲಿಲ್ಲ. ನಾನು ಕೂತರೆ ಅವಳು ಒಪ್ಪಿಗೆಯಾಗುತ್ತಾಳೆ, ಒಪ್ಪಿಗೆಯಾದರೆ ಹೋಗುತ್ತಾಳೆ. ನನ್ನ ಕಪ್ಪೇ ಅವಳನ್ನು ನನ್ನಿಂದ ಕಳಿಸಿಕೊಡುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು. ಉಪಾಯ ಹೊಳೆದದ್ದು ಅವಳಿಗೆ.

'ನಮ್ಮನೇಲಿ ಶಾಸ್ತ್ರ ಇಟ್ಕೊಂಡ ದಿನ ನೀನು ಹೊರಗೆ ಕೂತುಬಿಡು' ಅಂದಳು.

ಆಗಿನ ಮನೆಗಳಲ್ಲಿ ಮುಟ್ಟಾದವಳು ಮೂರು ದಿನ ಹಿತ್ತಿಲ ಕೋಣೆ ಬಿಟ್ಟು ಬರುವಂತಿರಲಿಲ್ಲ, ಶುಭಕಾರ್ಯದ ಹತ್ತಿರವಂತೂ ಸುಳಿಯುವಂತಿರಲಿಲ್ಲ. ಆಳಾದರೂ ಅಷ್ಟೇ, ಅರಸಿಯಾದರೂ ಅಷ್ಟೇ. ಹಾಗಾಗಿ ಅವಳ ಮನೆಗೆ ಗಂಡಿನ ಕಡೆಯವರು ಬರುವ ಹಿಂದಿನ ದಿನ ನಾನು ಚಾಪೆ, ಚೊಂಬು ಎತ್ತಿಕೊಂಡು ಹಿತ್ತಿಲು ಸೇರುತ್ತಿದ್ದೆ. ಕೆಲಸವೂ ತಪ್ಪಿತು, ಪುಸ್ತಕ ಓದಲು ಹೊತ್ತೂ ಸಿಕ್ಕಿತು. ನಾನಿಲ್ಲದೆ ಅವಳು ಒಬ್ಬಳೇ ಕೂತು, ಕಪ್ಪಾಗಿ, ಒಲ್ಲೆ ಅನ್ನಿಸಿಕೊಂಡು, ನಗುತ್ತ ತಾರಸಿಗೆ ಬರುತ್ತಿದ್ದಳು.

ಅವಳ ತಾಯಿ ದಡ್ಡರಲ್ಲ. ಮುಂದಿನ ಸಲ ಗಂಡಿನ ಕಡೆಯವರಿಗೆ ದಿನ ಹೇಳುವ ಮುಂಚೆ ನಮ್ಮ ಅಮ್ಮಾವ್ರನ್ನು ಕೇಳಿಕೊಂಡು ಹೋದರು. ಪುರೋಹಿತರು ರಾಹುಕಾಲ ನೋಡಿದರು, ಇವರು ನನ್ನ ಮುಟ್ಟು ನೋಡಿದರು. ಆದರೂ ನಾನು ಸರಿಯಾಗಿ ಆ ದಿನವೇ ಹೊರಗಾದೆ. ಅದರ ಮುಂದಿನ ಸಲವೂ ಆದೆ. ಕೊನೆಗೆ ಅಮ್ಮಾವ್ರೂ ಅವಳ ತಾಯಿಯೂ ಸೇರಿ ನನ್ನ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನ ಕಣ್ಣ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಆ ಟಾನಿಕ್ಕನ್ನು ನಾವಿಬ್ಬರೂ ಟ್ಯಾಂಕಿನ ಹಿಂದೆ ಕೂತು ಒಂದೊಂದು ಮುಚ್ಚಳ ಕುಡಿದೆವು. ಅಷ್ಟು ನಗು ನನ್ನ ಆಯುಷ್ಯದಲ್ಲಿ ಮತ್ತೆ ಬಂದಿಲ್ಲ.

ಆಮೇಲೆ ಕೆಂಗೇರಿ ಉಪನಗರದ ಸಂಬಂಧ ಬಂತು. ಹುಡುಗ ಸರ್ಕಾರಿ ಕಚೇರಿಯಲ್ಲಿದ್ದ, ಉಪನಗರದಲ್ಲಿ ಸ್ವಂತ ಮನೆ, ತಾಯಿ ಮತ್ತು ಒಬ್ಬಳು ತಂಗಿ. ನಾನು ಎಂದಿನಂತೆ ಹಿಂದಿನ ದಿನ ಚಾಪೆ ಎತ್ತಿಕೊಂಡೆ. ಮಧ್ಯಾಹ್ನ ಅವಳು ಗೋಡೆ ದಾಟಿ, ಹಿಂದಿನ ಮೆಟ್ಟಿಲು ಇಳಿದು ಹಿತ್ತಿಲಿಗೇ ಬಂದಳು. ಮುಟ್ಟಾದವಳ ಹತ್ತಿರ ಬಂದದ್ದು ಯಾರಾದರೂ ನೋಡಿದರೆ ಎಂಬ ಭಯವೂ ಇಲ್ಲದೆ ಚಾಪೆಯ ತುದಿಯಲ್ಲಿ ಕೂತಳು.

'ನಾಳೆ ಬಾ' ಅಂದಳು.

'ಎಲ್ಲಿಗೆ?'

'ನಮ್ಮನೆಗೆ. ತಪ್ಪು ಲೆಕ್ಕ ಆಗಿತ್ತು, ಏನಿಲ್ಲ, ತಲೆಗೆ ಹಾಕ್ಕೊಂಡೆ ಅಂತ ಹೇಳು. ಬಂದು ಪಕ್ಕದಲ್ಲಿ ಕೂತ್ಕೋ.'

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವಾಗಿತ್ತು. 'ಯಾಕೆ?' ಎಂದೆ.

ಅವಳು ಚಾಪೆಯ ಕಡ್ಡಿ ಕೀಳುತ್ತಿದ್ದಳು. 'ಸಾಕಾಗಿದೆ ಕಣೇ. ಬಂದೋರೆಲ್ಲ ಮುಖ ನೋಡಿ ಎದ್ದು ಹೋಗ್ತಾರೆ. ನಿನಗೆ ಅದು ನಗು. ನನಗೆ ಪ್ರತಿ ಸಲ ಮೈ ಉರಿಯುತ್ತೆ. ನಾನೇನು ಅಷ್ಟು ಕೆಟ್ಟದಾಗಿದೀನಾ? ನೀನು ಪಕ್ಕದಲ್ಲಿದ್ರೆ ನಾನು ಬೆಳ್ಳಗೆ ಕಾಣ್ತೀನಿ.'

ಇದೇ ಮಾತನ್ನು ಎಷ್ಟೋ ತಾಯಂದಿರು ಹೇಳಿದ್ದರು, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ. ಅವಳ ಬಾಯಲ್ಲಿ ಬಂದದ್ದು ಆಚೆ ಹೋಗದೆ ಒಳಗೇ ಉಳಿಯಿತು.

'ಕೆಂಗೇರಿ ದೂರ ಏನಲ್ಲ' ಎಂದು ಅವಳೇ ಮುಂದುವರಿಸಿದಳು. 'ಅಲ್ಲಿ ಅತ್ತೆಗೆ ಮೈ ಸರಿಯಿಲ್ವಂತೆ. ಕೆಲಸಕ್ಕೆ ಯಾರಾದ್ರೂ ಬೇಕಾಗ್ತಾರೆ. ನಾನು ನಿಮ್ಮ ಅಮ್ಮಾವ್ರನ್ನ ಕೇಳಿ ನಿನ್ನ ಕರ್ಕೊಂಡು ಹೋಗ್ತೀನಿ. ಒಂದೇ ಮನೇಲಿ ಇರಬಹುದಲ್ವಾ? ಯಾರಿಗೂ ಏನೂ ಗೊತ್ತಾಗಲ್ಲ.'

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು, ಇವತ್ತಿಗೂ ನನಗೆ ಅನುಮಾನವಿಲ್ಲ. ತನ್ನ ಬಳಿ ಇದ್ದುದರಲ್ಲೇ ಒಳ್ಳೆಯದನ್ನು ನನಗೆ ಕೊಡುತ್ತಿದ್ದಳು. ತನಗೆ ಗಂಡ, ನನಗೆ ಪಾತ್ರೆ. ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು, ಅಮ್ಮಾವ್ರಿಗೆ ತಪ್ಪು ಲೆಕ್ಕ ಎಂದು ಹೇಳಿದೆ.

ಮರುದಿನ ಅವಳೇ ನನಗೆ ಹಳದಿ ಸೀರೆ ಉಡಿಸಿದಳು. ನಡುಮನೆಯಲ್ಲಿ ನನ್ನನ್ನು ಕಿಟಕಿಯ ಕಡೆ ಕೂರಿಸಿದರು, ಅವಳನ್ನು ನನ್ನ ಎಡಕ್ಕೆ. ಗಂಡಿನ ತಾಯಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಮುಖ ಅರಳಿತು. ನನ್ನ ಕಪ್ಪು ತನ್ನ ಕೆಲಸ ಮಾಡಿ ಮುಗಿಸಿತ್ತು.

'ಇವಳು ಯಾರು?' ಎಂದು ಕೇಳಿದರು.

ಅವಳ ತಾಯಿ ಬಾಯಿ ತೆಗೆಯುವ ಮೊದಲೇ ಅವಳು ಹೇಳಿದಳು, 'ಪಕ್ಕದ ಮನೆ ಕೆಲಸದೋಳು.'

'ಕನ್ನಡ ಬರುತ್ತಾ?'

ನಾನು ಬರುತ್ತೆ ಎನ್ನಲು ಉಸಿರು ತೆಗೆದುಕೊಂಡೆ.

'ಬರಲ್ಲ' ಅಂದಳು ಅವಳು.

ನನ್ನ ನಾಲಿಗೆಗೆ ಹೆದರಿ ಹಾಗೆಂದಳು. ನಾನು ಏನು ಹೇಳಿಬಿಡುತ್ತೇನೋ ಎಂದು, ಇದ್ದ ಒಂದೇ ಆಸ್ತಿಯನ್ನೂ ಎಲ್ಲರೆದುರು ಕಿತ್ತುಕೊಂಡಳು. ಅವಳ ತಾಯಿ ಒಂದು ಕ್ಷಣ ಗಾಬರಿಯಾದರು, ಆಮೇಲೆ ತಲೆಯಾಡಿಸಿದರು. ಗಂಡಿನ ತಾಯಿ ನನ್ನ ಮುಂದೆಯೇ ನನ್ನ ತುಟಿ, ನನ್ನ ಮೂಗು, ನನ್ನ ಕೂದಲಿಗೆ ಬಾಚಣಿಗೆ ಹೋಗುವುದೋ ಇಲ್ಲವೋ ಎಂದೆಲ್ಲ ಆರಾಮಾಗಿ ಮಾತಾಡಿದರು. ಅರ್ಥವಾಗದವಳ ಮುಂದೆ ನಾಚಿಕೆ ಏಕೆ?

ಹುಡುಗನ ತಂಗಿಗೆ ಖುಷಿಯಾಯಿತು. 'ಅವಳ ಭಾಷೇಲಿ ಏನಾದ್ರೂ ಮಾತಾಡ್ಸಿ ಅಕ್ಕಾ, ಕೇಳೋಣ! ಸಿನಿಮಾದಲ್ಲಿ ಬರುತ್ತಲ್ಲ ಹಂಗೆ!'

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅವಳ ಕಡೆ ತಿರುಗಿದೆ. ನಮ್ಮ ಕೊಂಕಣಿಯಲ್ಲಿ, ಸ್ಪಷ್ಟವಾಗಿ, ಒಂದೊಂದೇ ಮಾತಾಗಿ ಹೇಳಿದೆ: 'ನೀನು ಮದುವೆ ಆಗು, ಬೇಡ ಅನ್ನಲ್ಲ. ಆದರೆ ಇವರೆದುರು ಒಂದೇ ಒಂದು ಸಲ ನನ್ನ ಹೆಸರು ಹೇಳು. ಇವಳು ನನ್ನ ಗೆಳತಿ ಅಂತಾದರೂ ಹೇಳು.'

ಅವಳ ಕಣ್ಣಿನಲ್ಲಿ ನೀರು ಬಂತು. ಕೂಡಲೇ ನಕ್ಕಳು. ಆ ಕತ್ತಲೆಯ ಸಂಜೆ ನಕ್ಕ ಹಾಗೆಯೇ ನಕ್ಕಳು.

'ಏನಂತೆ ಏನಂತೆ?' ಎಂದಳು ತಂಗಿ.

'ಕಾಫಿಗೆ ಸಕ್ಕರೆ ಸಾಕಾ ಅಂತ ಕೇಳ್ತಿದಾಳೆ.'

ಹುಡುಗ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದವನು, ಮೊದಲ ಸಲ ಬಾಯಿ ಬಿಟ್ಟ. 'ಸಾಕು ಅಂತ ಹೇಳಿ' ಅಂದ.

ಅವಳು ನನ್ನ ಕಡೆ ತಿರುಗಿ, ಕೊಂಕಣಿಯಲ್ಲಿ, 'ಸಾಕು' ಅಂದಳು.

ಸಂಬಂಧ ಕುದುರಿತು. ನನಗೆ ರವಿಕೆ ಕಣ ಬಂತು, ಅದರ ಮೇಲೆ ಒಂದು ತೆಂಗಿನಕಾಯಿ. ರಾಜಾಜಿನಗರದ ಛತ್ರದಲ್ಲಿ ಮದುವೆಯಾಯಿತು, ನಾನು ಮನೆ ಕಾದೆ. ನನ್ನನ್ನು ಕೆಂಗೇರಿಗೆ ಕರೆದುಕೊಂಡು ಹೋಗುವ ಮಾತು ಅಮ್ಮಾವ್ರವರೆಗೂ ಬರಲಿಲ್ಲ. ಕೇಳಿದ್ದರೆ ಹೋಗುತ್ತಿದ್ದೆನೇ? ಹೋಗುತ್ತಿದ್ದೆ. ಪಾತ್ರೆ ತಿಕ್ಕಿಕೊಂಡು ಅವಳ ಮುಖ ನೋಡಿಕೊಂಡು ಇದ್ದುಬಿಡುತ್ತಿದ್ದೆ. ಅಷ್ಟು ನಾಚಿಕೆಗೆಟ್ಟಿದ್ದೆ ಆಗ.

ಬೇಸಿಗೆ ಬಂತು. ಅವಳ ತಾಯಿ ಮಗಳಿಗೆಂದು ಸಂಡಿಗೆ ಮಾಡಿ, ಅದೇ ತಾರಸಿಯಲ್ಲಿ ನನ್ನ ಕೈಯಲ್ಲೇ ಒಣಗಿಸಿ, ಡಬ್ಬಕ್ಕೆ ತುಂಬಿದರು. ಮಂಡಿನೋವು, ಬಸ್ಸು ಹತ್ತಲಾಗದು. ನನ್ನನ್ನು ಕಳಿಸಿದರು. 'ಕೊಟ್ಟು ಬಾ. ಅಲ್ಲಿ ಬಾಯಿ ಮಾತ್ರ ಬಿಡಬೇಡ. ಅವರಿಗೆ ನಿನಗೆ ಕನ್ನಡ ಬರಲ್ಲ ಅಂತ ಹೇಳಿದೀವಿ, ಜ್ಞಾಪಕ ಇರಲಿ' ಅಂದರು. ಆಯಿತು ಅಂದೆ. ಮೈಸೂರು ರಸ್ತೆಯುದ್ದಕ್ಕೂ ಬಸ್ಸಿನಲ್ಲಿ ನಾನು ಯೋಚಿಸಿದ್ದು ಒಂದೇ. ಬಾಗಿಲಲ್ಲಿ ಅವಳೊಬ್ಬಳೇ ಇದ್ದರೆ ನನ್ನ ಹೆಸರು ಹಿಡಿದು ಕರೆಯುತ್ತಾಳೆ. ಅಷ್ಟು ಸಿಕ್ಕಿದರೆ ಸಾಕು, ಡಬ್ಬ ಕೊಟ್ಟು, ಅವಳು ಚೆನ್ನಾಗಿರಲಿ ಎಂದು ಹರಸಿ ಬರುವುದು.

ಬಾಗಿಲು ತೆಗೆದವಳು ಅವಳೇ. ಬಸುರಿ. ಒಳಗಿನ ಕೋಣೆಯಿಂದ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು, ಆದರೆ ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳು ಒಮ್ಮೆ ಒಳಗೆ ತಿರುಗಿ ನೋಡಿ, ತುಟಿ ಬಿಗಿಹಿಡಿದು, ಕೈಸನ್ನೆ ಮಾಡಿದಳು. ಡಬ್ಬ ತೋರಿಸಿ, ನೆಲ ತೋರಿಸಿ, ಅಲ್ಲಿಡು ಎಂದು ಬೆರಳಾಡಿಸಿದಳು. ಮೂಗಿಯ ಜೊತೆ, ನಾಯಿಯ ಜೊತೆ ಮಾತಾಡುವ ಹಾಗೆ. ನನ್ನ ಬಾಯಿಂದ ಎರಡು ಭಾಷೆಯ ಪ್ರೀತಿ ಕೇಳಿಸಿಕೊಂಡವಳು.

ಅಷ್ಟರಲ್ಲಿ ಅತ್ತೆ ಹೊರಬಂದರು. 'ಅಯ್ಯೋ, ಅವತ್ತು ಪಕ್ಕದಲ್ಲಿ ಕೂತಿದ್ಲಲ್ಲ, ಆ ಹುಡುಗಿ!' ಎಂದರು. ಸೊಸೆಯ ಮುಖ ನೋಡಿ, 'ಅವತ್ತು ನೀನು ಎಷ್ಟು ಬೆಳ್ಳಗೆ ಕಾಣ್ತಿದ್ದೆ ಮಾರಾಯ್ತಿ. ಆ ಬಣ್ಣ ಎಲ್ಲಿ ಹೋಯ್ತೋ ಕಾಣೆ' ಅಂದರು. ಇದು ಆ ಮನೆಯಲ್ಲಿ ದಿನಾ ನಡೆಯುವ ಮಾತು ಎಂಬುದು ಹೇಳಿದ ರೀತಿಯಲ್ಲೇ ತಿಳಿಯುತ್ತಿತ್ತು. 'ಬಿಸಿಲಲ್ಲಿ ಬಂದಿದಾಳೆ. ಕಾಫಿ ಕುಡೀತಾಳಾ ಕೇಳು. ಸಕ್ಕರೆ ಎಷ್ಟು ಬೇಕು ಕೇಳು.'

ಅವಳು ನನ್ನ ಕಡೆ ತಿರುಗಿದಳು. ಕಣ್ಣು ದೊಡ್ಡದಾಗಿತ್ತು. ನಮ್ಮ ಕೊಂಕಣಿಯಲ್ಲಿ, ಟ್ಯಾಂಕಿನ ನೆರಳಲ್ಲಿ ನಾನು ಕಲಿಸಿದ ಅದೇ ಮೆತ್ತನೆಯ ಮಾತಿನಲ್ಲಿ, 'ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬೇಡ. ಇಲ್ಲಿ ನನ್ನ ಬಾಳು ಮೊದಲೇ ಕಷ್ಟವಾಗಿದೆ' ಅಂದಳು.

ನಾನು ಅತ್ತೆಯ ಕಡೆ ತಿರುಗಿದೆ.

'ಸಕ್ಕರೆ ಸಾಕು ಅಮ್ಮಾ' ಅಂದೆ.

ಅತ್ತೆ ಎರಡು ಹೆಜ್ಜೆ ಮುಂದೆ ಬಂದರು. 'ಕನ್ನಡ ಬರುತ್ತಾ ನಿಂಗೆ?'

'ಬರುತ್ತೆ. ಅವತ್ತೂ ಬರ್ತಿತ್ತು. ನನ್ನ ತುಟಿ ಬಗ್ಗೆ, ಕೂದಲ ಬಗ್ಗೆ ನೀವು ಹೇಳಿದ್ದೆಲ್ಲ ಚೆನ್ನಾಗಿ ಕೇಳಿಸ್ತು.'

'ಹಾಗಾದ್ರೆ...' ಅವರು ಸೊಸೆಯ ಕಡೆ ನಿಧಾನವಾಗಿ ತಿರುಗಿದರು. 'ಅವತ್ತು ಇವಳು ಏನಂದ್ಲು? ಈಗ ನೀನು ಅವಳಿಗೆ ಏನಂದೆ?'

'ಅವಳನ್ನೇ ಕೇಳಿ' ಅಂದೆ. 'ಆ ಭಾಷೆ ಅವಳಿಗೂ ಚೆನ್ನಾಗಿ ಬರುತ್ತೆ. ಕಲಿಸಿದೋಳು ನಾನೇ.'

ಅವಳ ಮುಖದಿಂದ ರಕ್ತ ಇಳಿದುಹೋಯಿತು. ನಿಜವಾಗಿಯೂ ಬಿಳಿಚಿಕೊಂಡಿದ್ದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಒಳಗೆ ಏನೋ ತಣ್ಣಗಾಯಿತು, ಅದನ್ನು ಸಂತೋಷ ಎಂದೇ ಕರೆಯುತ್ತೇನೆ. ಡಬ್ಬವನ್ನು ಅವಳು ತೋರಿಸಿದ ಜಾಗದಲ್ಲೇ ಇಟ್ಟು ಹೊರಟೆ.

ಗೇಟು ದಾಟಿ, ಖಾಲಿ ಸೈಟುಗಳ ನಡುವಿನ ರಸ್ತೆಯಲ್ಲಿ ಸ್ವಲ್ಪ ದೂರ ಬಂದಿದ್ದೆ. ಹಿಂದೆ ಅತ್ತೆಯ ದನಿ ಏರುತ್ತಿತ್ತು. ಆಗ ಅವಳು ಗೇಟಿನವರೆಗೆ ಓಡಿ ಬಂದು ಕೂಗಿದಳು. ನನ್ನ ಹೆಸರು ಹಿಡಿದು ಕೂಗಿದಳು. ಅವ್ವ ಕರೆಯುವ ಹಾಗೆಯೇ, ಉದ್ದವಾಗಿ, ಅತ್ತೆಗೆ ಕೇಳಿಸುವಂತೆ, ಬೀದಿಗೆಲ್ಲ ಕೇಳಿಸುವಂತೆ. ಎದುರು ಮನೆಯ ಹೆಂಗಸೊಬ್ಬಳು ಬಟ್ಟೆ ಹರವುವುದನ್ನು ಬಿಟ್ಟು ನೋಡಿದಳು. ಗೇಟಿನಲ್ಲಿದ್ದವಳು ಮತ್ತೊಮ್ಮೆ ಕೂಗಿದಳು.

ನಾನು ತಿರುಗಿ ನೋಡಲಿಲ್ಲ. ಮೈಸೂರು ರಸ್ತೆಗೆ ಬಂದು ನಿಂತೆ. ಬಸ್ಸು ಬಂತು, ಹತ್ತಿದೆ. ಕಂಡಕ್ಟರ್ ನನ್ನ ಮುಖ ನೋಡಿ, 'ವೇರ್ ಗೋಯಿಂಗ್?' ಎಂದ. ವಿಜಯನಗರ ಎಂದು ಕನ್ನಡದಲ್ಲಿ ಹೇಳದೆ, ಚಿಲ್ಲರೆ ಅವನ ಕೈಗಿಟ್ಟು, ಮುಂದಕ್ಕೆ ಬೆರಳು ತೋರಿಸಿದೆ.